ಹಸಿ ತೂಕದ ಒಂದು ಅಂಕಿ: ಯಕೃತ್ತಿನ ಕಬ್ಬಿಣ ಅಳೆದ ಪ್ರಕರಣವೊಂದರ ಅಧ್ಯಯನ

ಪ್ರಯೋಗಾಲಯದ ವರದಿಯಲ್ಲಿ ಇದ್ದದ್ದು ಒಂದೇ ಸಾಲು: ಯಕೃತ್ತಿನ ಕಬ್ಬಿಣ, ಗ್ರಾಂಗೆ 3,130 ಮೈಕ್ರೊಗ್ರಾಂ. ತುಣುಕಿನ ತೂಕ ಎಷ್ಟು ಎಂದು ಬರೆದಿರಲಿಲ್ಲ. ಆ ಗ್ರಾಂ ಹಸಿ ಅಂಗಾಂಶದ್ದೋ ಒಣಗಿಸಿದ್ದೋ ಎಂಬುದೂ ಇರಲಿಲ್ಲ. ಓದಿದವರು ಸಾವಿರದಿಂದ ಭಾಗಿಸಿ 3.1 ಮಿ.ಗ್ರಾಂ ಎಂದುಕೊಂಡರು. ನಿಯಮಿತವಾಗಿ ರಕ್ತ ಪಡೆಯದ ಥಲಸ್ಸೀಮಿಯಾ (ಹುಟ್ಟಿನಿಂದಲೇ ಹಿಮೊಗ್ಲೋಬಿನ್ ಸರಿಯಾಗಿ ತಯಾರಾಗದ ರಕ್ತದ ಕಾಯಿಲೆ) ರೋಗಿಗಳಲ್ಲಿ ಕಬ್ಬಿಣ ಇಳಿಸುವ ಔಷಧಿ ಶುರು ಮಾಡುವ ಗಡಿ ಗ್ರಾಂಗೆ 5 ಮಿ.ಗ್ರಾಂ. ಮೂರು ಐದಕ್ಕಿಂತ ಕಡಿಮೆ, ಆದ್ದರಿಂದ ಔಷಧಿ ಬೇಡ, ವರ್ಷ ಬಿಟ್ಟು ನೋಡೋಣ ಎಂಬ ತೀರ್ಮಾನವಾಯಿತು. ಆದರೆ 5 ಎಂಬ ಗಡಿ ಒಣ ತೂಕದ್ದು, ವರದಿಯ ಅಂಕಿ ಹಸಿ ತೂಕದ್ದು. ಒಣ ತೂಕಕ್ಕೆ ತಂದರೆ ಆ ಯಕೃತ್ತಿನಲ್ಲಿ ಗ್ರಾಂಗೆ ಸುಮಾರು 11 ಮಿ.ಗ್ರಾಂ ಕಬ್ಬಿಣವಿತ್ತು.

ರೋಗಿ ಬದಿಯಡ್ಕದ ಕಡೆಯ 34 ವರ್ಷದ ಮಹಿಳೆ, ತೂಕ 48 ಕೆ.ಜಿ. ಕಾಯಿಲೆ, ನಿಯಮಿತವಾಗಿ ರಕ್ತ ಬೇಕಾಗದ ಮಧ್ಯಮ ಬಗೆಯ ಬೀಟಾ ಥಲಸ್ಸೀಮಿಯಾ ಇಂಟರ್‌ಮೀಡಿಯಾ. ಹಿಮೊಗ್ಲೋಬಿನ್ 7.8ರ ಆಸುಪಾಸಿನಲ್ಲೇ ಇದ್ದು ದಿನಚರಿ ನಡೆಸುವವರು. ಬಾಲ್ಯದಲ್ಲಿ ಸ್ಪ್ಲೀನ್ ತೆಗೆಸಿದ್ದಾರೆ. ರಕ್ತ ಹಾಕಿಸಿಕೊಂಡದ್ದು ಹೆರಿಗೆಯ ಹೊತ್ತಿನಲ್ಲಿ ಎರಡು ಬಾಟಲಿ ಮಾತ್ರ. ಅದಲ್ಲದೆ ಗರ್ಭಿಣಿಯಾಗಿದ್ದಾಗ ರಕ್ತಹೀನತೆ ಎಂದು ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ನುಂಗಿದ್ದಾರೆ. ಸಣ್ಣ, ಮಾಸಲು ಕೆಂಪು ರಕ್ತಕಣ ಕಂಡರೆ ಕಬ್ಬಿಣದ ಕೊರತೆ ಎಂದು ಬರೆದುಕೊಡುವುದು ನಮ್ಮ ಕಡೆ ರೂಢಿ. ಥಲಸ್ಸೀಮಿಯಾದಲ್ಲೂ ರಕ್ತಕಣ ಹಾಗೆಯೇ ಕಾಣುತ್ತದೆ, ಆದರೆ ಅಲ್ಲಿ ಕಬ್ಬಿಣ ಕೊಡುವುದು ಮೊದಲೇ ತುಂಬಿದ ಯಕೃತ್ತಿಗೆ ಇನ್ನಷ್ಟು ತುಂಬಿದ ಹಾಗೆ. ಫೆರಿಟಿನ್ (ದೇಹದ ಕಬ್ಬಿಣದ ಶೇಖರವನ್ನು ಸೂಚಿಸುವ ಪ್ರೋಟೀನ್) ಪರೀಕ್ಷೆ ಮಾಡದೆ ಮಾತ್ರೆ ಕೊಡಬಾರದೆಂಬುದಕ್ಕೆ ಬೇರೆ ಕಾರಣವೇ ಬೇಡ.

ಈ ಸಲ ಅವರನ್ನು ಮಂಗಳೂರಿಗೆ ಕಳಿಸಿದ್ದು ಎಎಲ್‌ಟಿ (ಯಕೃತ್ತಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಕಿಣ್ವ) 58ಕ್ಕೆ ಏರಿದ್ದರಿಂದ ಮತ್ತು ಅಲ್ಟ್ರಾಸೌಂಡಿನಲ್ಲಿ ಯಕೃತ್ತು ಒರಟಾಗಿ ಕಂಡದ್ದರಿಂದ. ಹೆಪಟೈಟಿಸ್ ಬಿ, ಸಿ ಎರಡೂ ಇರಲಿಲ್ಲ. ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನ್ ಎಷ್ಟು ತುಂಬಿದೆ ಎಂಬುದು) ಶೇ. 88. ಫೆರಿಟಿನ್ ಮಿಲಿಲೀಟರಿಗೆ 690 ನ್ಯಾನೊಗ್ರಾಂ.

ಫೆರಿಟಿನ್ ಯಾಕೆ ಮೋಸ ಮಾಡುತ್ತದೆ

ನಿಯಮಿತವಾಗಿ ರಕ್ತ ಹಾಕಿಸಿಕೊಳ್ಳಲೇಬೇಕಾದ ಥಲಸ್ಸೀಮಿಯಾ ಮೇಜರ್‌ನ ರೋಗಿಗಳನ್ನು ನೋಡಿ ಅಭ್ಯಾಸವಾದವರಿಗೆ 690 ಹೆದರಿಸುವ ಅಂಕಿಯಲ್ಲ, ಅಲ್ಲಿ 2,500 ದಾಟಿದಾಗ ಗಾಬರಿ. ಆದರೆ ಈ ಎರಡು ಗುಂಪಿನಲ್ಲಿ ಕಬ್ಬಿಣ ಬರುವ ದಾರಿಯೇ ಬೇರೆ. ಮೇಜರ್‌ನಲ್ಲಿ ಅದು ರಕ್ತದ ಬಾಟಲಿಯಿಂದ ಬರುತ್ತದೆ, ಒಂದು ಬಾಟಲಿಗೆ ಸುಮಾರು 200ರಿಂದ 250 ಮಿ.ಗ್ರಾಂ. ಹಳೆಯ ರಕ್ತಕಣಗಳನ್ನು ನುಂಗುವ ಮ್ಯಾಕ್ರೊಫೇಜ್‌ಗಳಲ್ಲಿ ಮೊದಲು ತುಂಬಿ, ಆಮೇಲೆ ಉಳಿದೆಡೆ ಹರಡುತ್ತದೆ. ಇಂಟರ್‌ಮೀಡಿಯಾದಲ್ಲಿ ಮಜ್ಜೆ ರಕ್ತ ಮಾಡಲು ಹೆಣಗಾಡುತ್ತ ಹೆಪ್ಸಿಡಿನ್ ಹಾರ್ಮೋನನ್ನು ತಗ್ಗಿಸುತ್ತದೆ. ಹೆಪ್ಸಿಡಿನ್ ತಗ್ಗಿದಾಗ ಕರುಳು ಊಟದ ಕಬ್ಬಿಣವನ್ನು ಬೇಕಾದ್ದಕ್ಕಿಂತ ಹೆಚ್ಚು ಹೀರುತ್ತದೆ, ಮ್ಯಾಕ್ರೊಫೇಜ್‌ಗಳು ತಮ್ಮಲ್ಲಿದ್ದುದನ್ನು ಹೊರಬಿಡುತ್ತವೆ. ಕಬ್ಬಿಣವೆಲ್ಲ ಯಕೃತ್ತಿನ ಸ್ವಂತ ಜೀವಕೋಶಗಳಿಗೆ ಹೋಗಿ ಕೂರುತ್ತದೆ. ರಕ್ತದಲ್ಲಿ ಕಾಣುವ ಫೆರಿಟಿನ್ ಬಹುಪಾಲು ಮ್ಯಾಕ್ರೊಫೇಜ್‌ಗಳಿಂದ ಬರುವಂಥದ್ದು. ಅವು ಖಾಲಿಯಾಗಿರುವುದರಿಂದ ಫೆರಿಟಿನ್ ತಗ್ಗಿಯೇ ಇರುತ್ತದೆ, ಯಕೃತ್ತು ತುಂಬಿರುತ್ತದೆ.

ಹಾಗಾಗಿ ಈ ಗುಂಪಿನಲ್ಲಿ ಫೆರಿಟಿನ್ 800 ದಾಟಿದರೆ ಔಷಧಿ ಆರಂಭಿಸಬಹುದು. 300ಕ್ಕೂ 800ಕ್ಕೂ ನಡುವೆ ಇದ್ದರೆ ಯಕೃತ್ತಿನ ಕಬ್ಬಿಣವನ್ನೇ ಅಳೆಯಬೇಕು, ಬೇರೆ ದಾರಿಯಿಲ್ಲ. ಈ ರೋಗಿ ಆ ನಡುವಿನಲ್ಲೇ ಇದ್ದರು.

ಎಂಆರ್‌ಐ ಉತ್ತರ ಕೊಡಲಿಲ್ಲ

ಸೂಜಿ ಚುಚ್ಚದೆ ಅಳೆಯುವ ಮಾರ್ಗ ಎಂಆರ್‌ಐ. ಕಬ್ಬಿಣ ಹೆಚ್ಚಿದಷ್ಟೂ ಯಕೃತ್ತಿನ ಸಂಕೇತ ಬೇಗ ಆರುತ್ತದೆ. ಆರುವ ವೇಗವೇ ಆರ್2 ಸ್ಟಾರ್. ಇವರಿಗೆ ಸಿಕ್ಕಿದ್ದು 3 ಟೆಸ್ಲಾ (ಕಾಂತಬಲದ ಅಳತೆ) ಯಂತ್ರ, ಮೊದಲ ಎಕೋ (ಸಂಕೇತವನ್ನು ಮೊದಲು ಓದುವ ಕ್ಷಣ) 2.2 ಮಿಲಿಸೆಕೆಂಡಿಗೆ. ವರದಿ: ಕಬ್ಬಿಣ ತೀವ್ರ, ಪ್ರಮಾಣ ಅಳೆಯಲಾಗದು. ಲೆಕ್ಕ ಹಾಕಿದರೆ ಕಾರಣ ಕಾಣುತ್ತದೆ. ಗ್ರಾಂಗೆ 11 ಮಿ.ಗ್ರಾಂ ಇರುವ ಯಕೃತ್ತಿನ ಟಿ2 ಸ್ಟಾರ್ (ಸಂಕೇತ ಆರಲು ಹಿಡಿಯುವ ಸಮಯ, ಆರ್2 ಸ್ಟಾರ್‌ನ ವಿಲೋಮ) 1.5 ಟೆಸ್ಲಾದಲ್ಲಿ ಸುಮಾರು 2.3 ಮಿಲಿಸೆಕೆಂಡ್, 3 ಟೆಸ್ಲಾದಲ್ಲಿ ಅದರ ಅರ್ಧ. ಅಂದರೆ ಮೊದಲ ಎಕೋ ಬರುವ ಹೊತ್ತಿಗೇ ಸಂಕೇತದಲ್ಲಿ ಶೇ. 15ರಷ್ಟೂ ಉಳಿದಿರುವುದಿಲ್ಲ, ಎರಡನೆಯದಕ್ಕೆ ಗದ್ದಲವಷ್ಟೇ ಸಿಗುತ್ತದೆ. ಯಂತ್ರ ಕೆಟ್ಟದ್ದೇನಲ್ಲ, ಈ ಕೆಲಸಕ್ಕೆ ಅದರ ಎಕೋ ಸಮಯ ಹೊಂದಿಸಿರಲಿಲ್ಲ. ಯಕೃತ್ತಿನ ಕಬ್ಬಿಣಕ್ಕೆಂದು ಎಂಆರ್‌ಐ ಬರೆದುಕೊಡುವಾಗ 1.5 ಟೆಸ್ಲಾ, ಮೊದಲ ಎಕೋ ಸುಮಾರು 1 ಮಿಲಿಸೆಕೆಂಡ್ ಎಂದು ಚೀಟಿಯಲ್ಲೇ ಬರೆಯುವುದು ಒಳ್ಳೆಯದು.

"ತೀವ್ರ" ಎಂಬ ಆ ಪದ ಮುಂದೆ ಬಂದ 3.1ರ ಪಕ್ಕದಲ್ಲಿ ಕೂರುವಂಥದ್ದಲ್ಲ ಎಂಬುದನ್ನು ಗಮನಿಸಿ. ಗ್ರಾಂಗೆ 3 ಮಿ.ಗ್ರಾಂ ಇದ್ದ ಯಕೃತ್ತು ಆ ಯಂತ್ರದಲ್ಲಿ ಅಷ್ಟು ಕಪ್ಪಾಗುತ್ತಿರಲಿಲ್ಲ.

ಎಎಲ್‌ಟಿ ಏರಿದ್ದರಿಂದ, ಯಕೃತ್ತಿನಲ್ಲಿ ನಾರು ಎಷ್ಟು ಕಟ್ಟಿದೆ ಎಂದು ನೋಡಲು ಬಯಾಪ್ಸಿ ಹೇಗೂ ಬೇಕಿತ್ತು. ಕಬ್ಬಿಣಕ್ಕಾಗಿ ಮಾತ್ರ ಈಗ ಯಾರೂ ಬಯಾಪ್ಸಿ ಮಾಡಬೇಕಾಗಿಲ್ಲ. ಬೇರೆ ಕಾರಣಕ್ಕೆ ಮಾಡುವಾಗ ಒಂದು ತುಂಡನ್ನು ಕಬ್ಬಿಣಕ್ಕೆ ತೆಗೆದಿಡದಿದ್ದರೆ ಮಾತ್ರ ದೊಡ್ಡ ನಷ್ಟ.

ತುಣುಕಿನ ಪಾಡು

16 ಗೇಜಿನ ಸೂಜಿಯಲ್ಲಿ 22 ಮಿ.ಮೀ. ಉದ್ದದ ಎಳೆ ಬಂತು. 16 ಮಿ.ಮೀ. ಫಾರ್ಮಲಿನ್‌ಗೆ, 6 ಮಿ.ಮೀ. ಕಬ್ಬಿಣಕ್ಕೆ. ಈ ಹಂಚಿಕೆ ಸರಿಯಾಗಿಯೇ ಇತ್ತು. ನಾರಿನ ಹಂತ ಹೇಳಲು ಪೆಥಾಲಜಿಯವರಿಗೆ ಕನಿಷ್ಠ 15 ಮಿ.ಮೀ. ಬೇಕು. ಕಬ್ಬಿಣಕ್ಕೆ ಬೇಕಾದ್ದು ಒಣಗಿದ ಮೇಲೆ 1 ಮಿ.ಗ್ರಾಂ ಉಳಿಯುವಷ್ಟು, ಅಂದರೆ ಹಸಿಯಾಗಿ 4 ಮಿ.ಗ್ರಾಂ. ಈ 1 ಮಿ.ಗ್ರಾಂ ಸುಮ್ಮನೆ ಹೇಳಿದ್ದಲ್ಲ. ಎಮಾನುಯೆಲೆ ಆಂಜೆಲುಚಿ ಮತ್ತು ಸಂಗಡಿಗರು ಮಜ್ಜೆಯ ಕಸಿಯಿಂದ ಗುಣವಾದ ಥಲಸ್ಸೀಮಿಯಾ ರೋಗಿಗಳಲ್ಲಿ ರಕ್ತ ತೆಗೆದು ತೆಗೆದು ದೇಹದ ಕಬ್ಬಿಣವನ್ನು ಲೆಕ್ಕ ಹಾಕಿ, ಯಕೃತ್ತಿನ ತುಣುಕಿನೊಂದಿಗೆ ಹೋಲಿಸಿ 2000ದಲ್ಲಿ ಪ್ರಕಟಿಸಿದರು. ಒಣ ತೂಕ 1 ಮಿ.ಗ್ರಾಂ ಮೀರಿದ, ಸಿರೋಸಿಸ್ (ಯಕೃತ್ತು ನಾರುಗಟ್ಟಿ ಗಂಟಾದ ಸ್ಥಿತಿ) ಇಲ್ಲದ ತುಣುಕುಗಳಲ್ಲಿ ಎರಡೂ ಬಹುತೇಕ ಒಂದೇ ಗೆರೆಯಲ್ಲಿ ನಿಂತವು. ಅದಕ್ಕಿಂತ ಚಿಕ್ಕ ತುಣುಕುಗಳಲ್ಲಿ ಹೊಂದಾಣಿಕೆ ಸಡಿಲವಾಯಿತು. ಅವರ ಸೂತ್ರ: ಒಣ ತೂಕದ ಅಂಕಿಯನ್ನು 10.6ರಿಂದ ಗುಣಿಸಿದರೆ ಪ್ರತಿ ಕೆ.ಜಿ. ದೇಹತೂಕಕ್ಕೆ ಶೇಖರವಾದ ಕಬ್ಬಿಣ ಮಿ.ಗ್ರಾಂನಲ್ಲಿ ಸಿಗುತ್ತದೆ.

ಕಬ್ಬಿಣದ ತುಂಡನ್ನು ಪ್ಲಾಸ್ಟಿಕ್ ಚಿಮ್ಮಟದಲ್ಲಿ ಎತ್ತಿ, ಆಮ್ಲದಲ್ಲಿ ತೊಳೆದ ಪಾಲಿಪ್ರೊಪಿಲೀನ್ ಟ್ಯೂಬಿಗೆ ಹಾಕಿ, ಸಲೈನ್ ಹಾಕದೆ, ಮುಚ್ಚಿ, ತಣ್ಣಗೆ ಇಟ್ಟು ಬೇರೆ ಊರಿನ ಪ್ರಯೋಗಾಲಯಕ್ಕೆ ಕಳಿಸಿದ್ದರು. ಇದೂ ಸರಿ. ಸಾಮಾನ್ಯವಾಗಿ ಕೆಡುವುದು ಇಲ್ಲಿಯೇ. ಸಲೈನಿನಲ್ಲಿ ನೆನೆಸಿದ ಗಾಜ್ ಬಟ್ಟೆಯ ಮೇಲೆ ಎಳೆಯನ್ನು ಮಲಗಿಸಿದರೆ ಬಟ್ಟೆಯ ನಾರಿನ ಕಬ್ಬಿಣ ಅಂಟುತ್ತದೆ, ಎಳೆಯ ದ್ರವ ಬಟ್ಟೆಗೆ ಹೋಗುತ್ತದೆ. ಬಫರ್ ಇಲ್ಲದ ಹಳೆಯ ಫಾರ್ಮಲಿನ್ ಆಮ್ಲೀಯವಾಗಿ ಕಬ್ಬಿಣವನ್ನು ಮೆಲ್ಲಗೆ ಕರಗಿಸಿ ತೆಗೆಯುತ್ತದೆ. ಕಾರ್ಬನ್ ಉಕ್ಕಿನ ಬ್ಲೇಡಿನಿಂದ ತುಂಡರಿಸಿದರೆ ತುಕ್ಕಿನ ಕಣ ಸೇರಬಹುದು. ಹೀಗೆ ಹೊರಗಿನಿಂದ 1 ಮೈಕ್ರೊಗ್ರಾಂ ಸೇರಿತೆನ್ನಿ. ಗ್ರಾಂಗೆ 1 ಮಿ.ಗ್ರಾಂ ಇರುವ ಸಾಮಾನ್ಯ ಯಕೃತ್ತಿನ 1.5 ಮಿ.ಗ್ರಾಂ ತುಣುಕಿನಲ್ಲಿ ಇರುವುದೇ 1.5 ಮೈಕ್ರೊಗ್ರಾಂ, ಅಲ್ಲಿ ಫಲಿತಾಂಶ ಮೂರರಲ್ಲಿ ಎರಡು ಪಾಲು ಹೆಚ್ಚುತ್ತದೆ. ಈ ರೋಗಿಯ ತುಣುಕಿನಲ್ಲಿ 16 ಮೈಕ್ರೊಗ್ರಾಂ ಇತ್ತು, ಇಲ್ಲಿ ತಪ್ಪು ಶೇ. 6. ಅಂಟಿದ ರಕ್ತದ ವಿಷಯ ಇನ್ನೂ ವಿಚಿತ್ರ. ಹಿಮೊಗ್ಲೋಬಿನ್ 8–9 ಇರುವ ರಕ್ತ ಒಣಗಿದಾಗ ಅದರಲ್ಲಿ ಗ್ರಾಂಗೆ ಸುಮಾರು 2 ಮಿ.ಗ್ರಾಂ ಕಬ್ಬಿಣವಿರುತ್ತದೆ. ಸಾಮಾನ್ಯ ಯಕೃತ್ತಿನ ತುಣುಕಿಗೆ ರಕ್ತ ಅಂಟಿದರೆ ಅಂಕಿ ಏರುತ್ತದೆ, ಕಬ್ಬಿಣ ತುಂಬಿದ ಯಕೃತ್ತಿಗೆ ಅಂಟಿದರೆ ಇಳಿಯುತ್ತದೆ.

ಪ್ರಯೋಗಾಲಯದಲ್ಲಿ ತುಣುಕು ಬಂದ ಹಾಗೆಯೇ ತೂಗಿದರು: 5.2 ಮಿ.ಗ್ರಾಂ. ನೈಟ್ರಿಕ್ ಆಮ್ಲದಲ್ಲಿ ಕರಗಿಸಿ ಅಳೆದಾಗ ಒಟ್ಟು ಕಬ್ಬಿಣ 16.3 ಮೈಕ್ರೊಗ್ರಾಂ. ಭಾಗಿಸಿದರೆ ಹಸಿ ಗ್ರಾಂಗೆ 3,130 ಮೈಕ್ರೊಗ್ರಾಂ. ರಾಸಾಯನಿಕ ಅಳತೆಯಲ್ಲಿ ತಪ್ಪಿಲ್ಲ. ಆದರೆ ಒಣಗಿಸುವ ಮೊದಲೇ ಆಮ್ಲಕ್ಕೆ ಹಾಕಿದ್ದರಿಂದ ಆ ತುಣುಕಿನ ಒಣ ತೂಕ ಇನ್ನು ಯಾವತ್ತೂ ಸಿಗುವುದಿಲ್ಲ.

ತಾಜಾ ಯಕೃತ್ತಿನಲ್ಲಿ ಶೇ. 70ರಿಂದ 75 ನೀರು. ಹಸಿ ಅಂಕಿಯನ್ನು 3.3ರಿಂದ 4ರವರೆಗಿನ ಯಾವುದೋ ಸಂಖ್ಯೆಯಿಂದ ಗುಣಿಸಬೇಕು: 10.3ರಿಂದ 12.5. ಈ ಅಗಲವೇ ಹಸಿ ತೂಕದ ದೌರ್ಬಲ್ಯ. ಟ್ಯೂಬಿನಲ್ಲಿ ದಾರಿಯುದ್ದಕ್ಕೂ ತುಣುಕು ಸ್ವಲ್ಪ ಒಣಗಿರುತ್ತದೆ, ಗೋಡೆಗೆ ನೀರು ಅಂಟಿರುತ್ತದೆ. ಐದು ಮಿಲಿಗ್ರಾಂ ತುಣುಕಿನಲ್ಲಿ ಒಂದು ಮಿಲಿಗ್ರಾಂ ನೀರು ಹೋದರೂ ಬಂದರೂ ಅಂಕಿ ಶೇ. 20 ಅಲ್ಲಾಡುತ್ತದೆ. ಆದರೂ ಈ ರೋಗಿಯ ಮಟ್ಟಿಗೆ 10 ಇರಲಿ 12 ಇರಲಿ, 5ರ ಗಡಿ ದಾಟಿದ್ದು ನಿಸ್ಸಂದೇಹ.

ಪೆಥಾಲಜಿಯ ಬ್ಲಾಕ್ ಕೊಟ್ಟ ಉತ್ತರ

ಸಂಶಯ ಮೊದಲು ಎತ್ತಿದ್ದು ಪೆಥಾಲಜಿ ವರದಿಯೇ. ಪರ್ಲ್ಸ್ ಬಣ್ಣದಲ್ಲಿ ಕಬ್ಬಿಣ 4ರಲ್ಲಿ 3ನೇ ದರ್ಜೆ, ನಾರು ಇಶಾಕ್ ಮಾಪನದಲ್ಲಿ 6ರಲ್ಲಿ 2. ಮಾಕ್ಸ್ ಪರ್ಲ್ಸ್ 1867ರಲ್ಲಿ ವಿವರಿಸಿದ ಈ ಬಣ್ಣ ಇಂದಿಗೂ ಅದೇ: ಪೊಟ್ಯಾಸಿಯಂ ಫೆರೊಸಯನೈಡ್ ಮತ್ತು ಹೈಡ್ರೊಕ್ಲೋರಿಕ್ ಆಮ್ಲವನ್ನು ಸಮಪಾಲು ಆಗಲೇ ಬೆರೆಸಿ ಹಾಕಿದರೆ ಫೆರಿಕ್ ಕಬ್ಬಿಣವಿದ್ದಲ್ಲಿ ನೀಲಿ. ನೀಲಿ ಹರಳು ದ್ವಾರನಾಳದ ಸುತ್ತಲಿನ ಯಕೃತ್ ಜೀವಕೋಶಗಳಲ್ಲಿ ದಟ್ಟವಾಗಿ, ನಡುವಿನ ಅಭಿಧಮನಿಯತ್ತ ಹೋದಂತೆ ತೆಳುವಾಗಿತ್ತು. ಯಕೃತ್ತಿನ ಮ್ಯಾಕ್ರೊಫೇಜ್‌ಗಳಾದ ಕುಪ್ಫರ್ ಕೋಶಗಳಲ್ಲಿ ಅತ್ಯಲ್ಪ. ಕರುಳಿನಿಂದ ಹೀರಿದ ಕಬ್ಬಿಣದ ಹಂಚಿಕೆ ಇದು; ರಕ್ತದ ಬಾಟಲಿಯ ಕಬ್ಬಿಣ ಮೊದಲು ಕುಪ್ಫರ್ ಕೋಶಗಳಲ್ಲಿ ಕಾಣುತ್ತಿತ್ತು. ಬಣ್ಣದ ದರ್ಜೆ ಅಂಕಿಯಾಗುವುದಿಲ್ಲ, ಆದರೆ ಕಬ್ಬಿಣ ಎಲ್ಲಿ ಕೂತಿದೆ ಎಂಬುದನ್ನು ಆಮ್ಲದಲ್ಲಿ ಕರಗಿಸಿದ ತುಣುಕು ಎಂದೂ ಹೇಳಲಾರದು. ಎರಡೂ ಬೇಕು.

ಮತ್ತೆ ಸೂಜಿ ಚುಚ್ಚುವ ಅಗತ್ಯವಿರಲಿಲ್ಲ. ಪ್ಯಾರಾಫಿನ್ ಬ್ಲಾಕಿನಲ್ಲಿ ಉಳಿದಿದ್ದ ಎಳೆಯ ಒಂದು ಭಾಗವನ್ನು ತೆಗೆಯಲು ಪೆಥಾಲಜಿ ವಿಭಾಗ ಒಪ್ಪಿತು. ಮುಂದೆ ಬೇಕಾದೀತೆಂದು ಇನ್ನೊಂದು ಭಾಗವನ್ನು ಬ್ಲಾಕಿನಲ್ಲೇ ಬಿಟ್ಟರು. ಕ್ರಮ ಹೀಗಿತ್ತು. ತುಣುಕಿನ ಸುತ್ತಲ ಮೇಣವನ್ನು ಪ್ಲಾಸ್ಟಿಕ್ ಅಲಗಿನಿಂದ ಕೆರೆದು, ಬೆಚ್ಚಗಿನ ಕ್ಸೈಲೀನಿನಲ್ಲಿ ಮೂರು ಸಲ ಬದಲಿಸಿ ಮೇಣ ಬಿಡಿಸಿದರು. ಎಥೆನಾಲಿನಲ್ಲಿ ಎರಡು ಸಲ ತೊಳೆದರು. ಮೇಣ ಸ್ವಲ್ಪ ಉಳಿದರೂ ಅದು ತೂಕಕ್ಕೆ ಸೇರಿ ಅಂಕಿಯನ್ನು ಇಳಿಸುವುದರಿಂದ ಇಲ್ಲಿ ಅವಸರ ಸಲ್ಲದು. ಬಳಿಕ 105 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ ರಾತ್ರಿಯಿಡೀ ಒಣಗಿಸಿ, ಸಿಲಿಕಾ ಜೆಲ್ ಇರುವ ಡೆಸಿಕೇಟರಿನಲ್ಲಿ ತಣಿಸಿ ತೂಗಿದರು. ಮತ್ತೆರಡು ಗಂಟೆ ಒಣಗಿಸಿ ಮತ್ತೆ ತೂಗಿದಾಗ ಅದೇ ತೂಕ: 1.24 ಮಿ.ಗ್ರಾಂ.

ತೂಗುವ ಕೆಲಸ ಕೇಳಲು ಸಣ್ಣದು, ಆದರೆ ಇಡೀ ಅಳತೆಯಲ್ಲಿ ಅತ್ಯಂತ ಸೂಕ್ಷ್ಮವಾದದ್ದು ಇದೇ. ಸಾಮಾನ್ಯ ಅನಲಿಟಿಕಲ್ ತಕ್ಕಡಿ 0.1 ಮಿ.ಗ್ರಾಂ ತೋರಿಸುತ್ತದೆ, 1.2 ಮಿ.ಗ್ರಾಂ ತುಣುಕಿಗೆ ಅದು ಶೇ. 8ರ ಅನಿಶ್ಚಿತತೆ. ಕನಿಷ್ಠ 0.01 ಮಿ.ಗ್ರಾಂ ತೋರಿಸುವುದು ಬೇಕು, 0.001 ಆದರೆ ಉತ್ತಮ. ಎರಡನೆಯ ವೈರಿ ಕರಾವಳಿಯ ಗಾಳಿ. ಆಷಾಢದಲ್ಲಿ ಡಬ್ಬದಿಂದ ಹೊರಗಿಟ್ಟ ಹಲಸಿನ ಹಪ್ಪಳದ ಹಾಗೆ ಒಣಗಿದ ಯಕೃತ್ತು ನಿಮಿಷಗಳಲ್ಲಿ ತೇವ ಹೀರುತ್ತದೆ. ತಕ್ಕಡಿಯ ಅಂಕಿ ಕಣ್ಣೆದುರೇ ಏರುತ್ತ ಹೋಗುತ್ತದೆ. ಟ್ಯೂಬನ್ನು ಖಾಲಿಯಿರುವಾಗ ಮುಚ್ಚಳ ಸಹಿತ ತೂಗಿಟ್ಟುಕೊಂಡು, ತುಣುಕನ್ನು ಅದರೊಳಗೇ ಒಣಗಿಸಿ, ಡೆಸಿಕೇಟರಿನಿಂದ ತೆಗೆದ ಕೂಡಲೆ ಮುಚ್ಚಿ ತೂಗಿದರೆ ಈ ತೊಂದರೆ ತಪ್ಪುತ್ತದೆ. ಅದೇ ಟ್ಯೂಬಿಗೆ ಆಮ್ಲ ಹಾಕಬಹುದಾದ್ದರಿಂದ ತುಣುಕನ್ನು ಎತ್ತಿ ಹಾಕುವ, ಕಳೆದುಕೊಳ್ಳುವ ಪ್ರಸಂಗವೂ ಇಲ್ಲ. ಬೇರೆ ಬೇರೆ ಹೊತ್ತಿಗೆ ತೂಗುವುದರಿಂದ ಖಾಲಿ ಟ್ಯೂಬೊಂದನ್ನು ಜತೆಗೇ ಒಣಗಿಸಿ ತೂಗಿ ತಕ್ಕಡಿಯ ಓಲಾಟವನ್ನು ಕಳೆಯಬೇಕು.

ಕರಗಿಸಲು ಲೇಶಲೋಹ ದರ್ಜೆಯ (ಲೋಹದ ಅಂಶ ಅತ್ಯಲ್ಪವಿರುವ) ನೈಟ್ರಿಕ್ ಆಮ್ಲ 0.5 ಮಿ.ಲೀ., 80 ಡಿಗ್ರಿಯಲ್ಲಿ ರಾತ್ರಿಯಿಡೀ, ಬೆಳಿಗ್ಗೆ ಶೇ. 30ರ ಹೈಡ್ರೊಜನ್ ಪೆರಾಕ್ಸೈಡ್ 0.1 ಮಿ.ಲೀ. ದ್ರಾವಣ ತಿಳಿಯಾದ ಮೇಲೆ ಅತಿಶುದ್ಧ ನೀರಿನಿಂದ 10 ಮಿ.ಲೀ.ಗೆ ತಂದರು. ಜ್ವಾಲೆಯ ಅಟಾಮಿಕ್ ಅಬ್ಸಾರ್ಪ್ಶನ್ (ಲೋಹ ಎಷ್ಟು ಬೆಳಕು ಹೀರಿತೆಂದು ನೋಡಿ ಅಳೆಯುವ) ಯಂತ್ರದಲ್ಲಿ 248.3 ನ್ಯಾನೊಮೀಟರ್ ಗೆರೆಯಲ್ಲಿ ಲೀಟರಿಗೆ 1.54 ಮಿ.ಗ್ರಾಂ ಸಿಕ್ಕಿತು, ಅಂದರೆ ಒಟ್ಟು 15.4 ಮೈಕ್ರೊಗ್ರಾಂ. ಮೂರು ಖಾಲಿ ಟ್ಯೂಬುಗಳನ್ನೂ ಇದೇ ದಾರಿಯಲ್ಲಿ ಕೊಂಡೊಯ್ದಿದ್ದರು. ಖಾಲಿ ಟ್ಯೂಬಿನ ಕಬ್ಬಿಣ ತಿಳಿಯದೆ ತುಣುಕಿನ ಕಬ್ಬಿಣಕ್ಕೆ ಅರ್ಥವಿಲ್ಲ. ಐಸಿಪಿ-ಎಂಎಸ್ (ಪರಮಾಣುಗಳನ್ನು ದ್ರವ್ಯರಾಶಿಯ ಮೇಲೆ ಗುರುತಿಸುವ) ಯಂತ್ರವಾದರೆ ಆರ್ಗಾನ್ ಮತ್ತು ಆಮ್ಲಜನಕ ಸೇರಿದ ಅಯಾನು 56ರ ದ್ರವ್ಯರಾಶಿಯಲ್ಲೇ ಬಂದು ಕಬ್ಬಿಣದ ವೇಷ ಹಾಕುತ್ತದೆ, ಹೀಲಿಯಂ ತುಂಬಿದ ಕೋಶವಿಲ್ಲದೆ ಅಳೆಯಬಾರದು. ಪರಿಶೀಲನೆಗೆ ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯ ದನದ ಯಕೃತ್ತಿನ ಪುಡಿ 1577ಸಿ ಬಳಸುವುದುಂಟು. ಅದರಲ್ಲಿ ಗ್ರಾಂಗೆ ಸುಮಾರು 198 ಮೈಕ್ರೊಗ್ರಾಂ ಮಾತ್ರ ಕಬ್ಬಿಣ. ಹೀಗಾಗಿ ರೋಗಿಯ ತುಣುಕಿನಷ್ಟೇ ತೆಗೆದರೆ ಯಂತ್ರಕ್ಕೆ ಸಾಲದು, 100 ಮಿ.ಗ್ರಾಂ ಹತ್ತಿರ ತೆಗೆದು ಆಮ್ಲವನ್ನೂ ಹೆಚ್ಚಿಸಬೇಕು.

15.4ನ್ನು 1.24ರಿಂದ ಭಾಗಿಸಿದರೆ ಗ್ರಾಂಗೆ 12.4 ಮಿ.ಗ್ರಾಂ. ಇದು ಹಸಿ ತುಣುಕಿನ ಲೆಕ್ಕಕ್ಕಿಂತ ತುಸು ಮೇಲಿರುವುದಕ್ಕೂ ಕಾರಣವಿದೆ. ಕ್ಸೈಲೀನು ಮೇಣದ ಜತೆಗೆ ಯಕೃತ್ತಿನ ಕೊಬ್ಬನ್ನೂ ಕರಗಿಸಿ ಒಯ್ಯುತ್ತದೆ. ಕಬ್ಬಿಣ ಅಷ್ಟೇ ಉಳಿದು ತೂಕ ಕಡಿಮೆಯಾಗುವುದರಿಂದ ಭಾಗಲಬ್ಧ ಏರುತ್ತದೆ. ಒಣ ತೂಕದಲ್ಲಿ ಹತ್ತನೇ ಒಂದು ಭಾಗಕ್ಕೆ ಚೂರು ಮೇಲೆ ಕೊಬ್ಬೆಂದು ಹಿಡಿದರೆ ಮತ್ತೆ 11ರ ಹತ್ತಿರ. ಅದಲ್ಲದೆ ಒಂದೇ ಯಕೃತ್ತಿನ ಎರಡು ತುಣುಕುಗಳ ನಡುವೆ, ಸಿರೋಸಿಸ್ ಇಲ್ಲದಾಗಲೂ, ಶೇ. 20ರಷ್ಟು ವ್ಯತ್ಯಾಸ ಸಹಜ. ಸಿರೋಸಿಸ್ ಇದ್ದರೆ ಶೇ. 40 ಮೀರಬಹುದು, ಏಕೆಂದರೆ ನಾರಿನಲ್ಲಿ ಕಬ್ಬಿಣ ಕೂರುವುದಿಲ್ಲ. ಆದ್ದರಿಂದ ಹಸಿ ತುಣುಕಿನ 11 ಮತ್ತು ಮೇಣದ ತುಣುಕಿನ 12.4 ಒಂದನ್ನೊಂದು ಸುಳ್ಳು ಮಾಡುವ ಅಂಕಿಗಳಲ್ಲ. ಸಾಮಾನ್ಯ ಯಕೃತ್ತಿನಲ್ಲಿ ಇರುವುದು 1.8ರ ಒಳಗೆ.

ಇಂಥ ವರದಿಯಲ್ಲಿ ಇರಲೇಬೇಕಾದದ್ದು ಹೆಚ್ಚೇನಲ್ಲ: ಒಣ ತೂಕ ಎಷ್ಟು ಮಿಲಿಗ್ರಾಂ, ತುಣುಕು ತಾಜಾ ಬಂದದ್ದೋ ಮೇಣದಿಂದ ತೆಗೆದದ್ದೋ, ಏಕಮಾನ ಯಾವುದು. ಕೆಲವರು ಮೈಕ್ರೊಮೋಲ್‌ನಲ್ಲಿ ಕೊಡುತ್ತಾರೆ, ಆಗ 55.8ರಿಂದ ಗುಣಿಸಿದರೆ ಮೈಕ್ರೊಗ್ರಾಂ. ಇವು ಇಲ್ಲದ ವರದಿಯ ಮೇಲೆ ಔಷಧಿಯ ತೀರ್ಮಾನ ಮಾಡಬಾರದು, ಫೋನ್ ಮಾಡಿ ಕೇಳಬೇಕು. ಇಲ್ಲಿ ಕೇಳಿದಾಗ ಪ್ರಯೋಗಾಲಯದವರು ಹಸಿ ತೂಕವೆಂದು ಕೂಡಲೇ ಹೇಳಿದರು.

ಸುರಂಗದ ನೀರು, ಮತ್ತು ಔಷಧಿ

ಮನೆಯವರ ಪ್ರಶ್ನೆ ನೀರಿನ ಬಗ್ಗೆ. ಈ ಭಾಗದ ಹಲವು ಮನೆಗಳಂತೆ ಅವರದ್ದೂ ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು. ಪಾತ್ರೆಯಲ್ಲಿ ಕೆಂಪು ಕೂರುವುದನ್ನು ದಿನವೂ ನೋಡುವವರಿಗೆ ಕಬ್ಬಿಣ ಅಲ್ಲಿಂದಲೇ ಬಂತೆನ್ನಿಸುವುದು ಸಹಜ. ಲೀಟರಿಗೆ 1 ಮಿ.ಗ್ರಾಂ ಕಬ್ಬಿಣವಿರುವ ನೀರನ್ನು ದಿನಕ್ಕೆ ಎರಡು ಲೀಟರ್ ಕುಡಿದು ಹತ್ತನೇ ಒಂದು ಭಾಗ ಹೀರಿದರೂ ಸಿಗುವುದು 0.2 ಮಿ.ಗ್ರಾಂ. ಅದೇ ನೀರು ಕುಡಿಯುವ ಉಳಿದವರ ಕರುಳು ಹೆಪ್ಸಿಡಿನ್‌ನ ಹಿಡಿತದಲ್ಲಿರುವುದರಿಂದ ಅವರಿಗೆ ಏನೂ ಆಗಿಲ್ಲ. ಈ ರೋಗಿಯಲ್ಲಿ ಆ ಹಿಡಿತವಿಲ್ಲ. 11ನ್ನು 10.6ರಿಂದ, ಮತ್ತೆ 48ರಿಂದ ಗುಣಿಸಿದರೆ ಶೇಖರವಾದ ಕಬ್ಬಿಣ ಸುಮಾರು 5.6 ಗ್ರಾಂ. ಸೂತ್ರ ಮೇಜರ್‌ನ ರೋಗಿಗಳದ್ದಾದ್ದರಿಂದ ಇದನ್ನು ಅಂದಾಜೆಂದೇ ಹಿಡಿಯಬೇಕು. ಎರಡು ಬಾಟಲಿ ರಕ್ತದಿಂದ ಬಂದದ್ದು ಅರ್ಧ ಗ್ರಾಂ ಮಾತ್ರ. ಉಳಿದದ್ದು ಊಟ ಮತ್ತು ಮಾತ್ರೆಗಳಿಂದ. ದಿನಕ್ಕೆ 1 ಮಿ.ಗ್ರಾಂ ಹೆಚ್ಚುವರಿ ಉಳಿದರೂ 15 ವರ್ಷಕ್ಕೆ 5.5 ಗ್ರಾಂ ಆಗುತ್ತದೆ. ನೀರು ಬದಲಿಸಬೇಕೆಂದು ಹೇಳಲಿಲ್ಲ. ಕಬ್ಬಿಣದ ಮಾತ್ರೆ, ಟಾನಿಕ್ ಇನ್ನು ಎಂದೂ ಬೇಡ, ಊಟದ ಜತೆ ಚಹಾ ಕುಡಿಯಿರಿ ಎಂದು ಹೇಳಿತು ಚಿಕಿತ್ಸಾ ತಂಡ. ಚಹಾದ ಟ್ಯಾನಿನ್ ಕಬ್ಬಿಣದ ಹೀರಿಕೆಯನ್ನು ತಗ್ಗಿಸುತ್ತದೆ.

ಕಬ್ಬಿಣ ಇಳಿಸುವ ಔಷಧಿ ಡೆಫೆರಾಸಿರಾಕ್ಸ್‌ನ ಕರಗುವ ಮಾತ್ರೆಯನ್ನು ಕೆ.ಜಿ.ಗೆ 10 ಮಿ.ಗ್ರಾಂ ಲೆಕ್ಕದಲ್ಲಿ ದಿನಕ್ಕೆ 500 ಮಿ.ಗ್ರಾಂ ಆರಂಭಿಸಿದರು, ಬೆಳಿಗ್ಗೆ ಬರಿ ಹೊಟ್ಟೆಗೆ, ತಿಂಡಿಗೆ ಅರ್ಧ ಗಂಟೆ ಮೊದಲು. ಪೊರೆಯಿರುವ ಹೊಸ ಬಗೆಯ ಮಾತ್ರೆಯಾದರೆ ಪ್ರಮಾಣ ಕೆ.ಜಿ.ಗೆ 7 ಮಿ.ಗ್ರಾಂ, ಎರಡನ್ನೂ ಒಂದೇ ಎಂದು ಬದಲಿಸಿಕೊಂಡರೆ ಅಪಾಯ. ಕ್ರಿಯಾಟಿನಿನ್, ಎಎಲ್‌ಟಿ, ಮೂತ್ರದ ಪ್ರೋಟೀನ್ ಪ್ರತಿ ತಿಂಗಳು, ಕಣ್ಣು ಕಿವಿ ವರ್ಷಕ್ಕೊಮ್ಮೆ. ಅಲ್ಯೂಮಿನಿಯಂ ಇರುವ ಆಂಟಾಸಿಡ್ ಜತೆಗೆ ಕೂಡದು.

ಆರು ತಿಂಗಳ ಬಳಿಕ 1.5 ಟೆಸ್ಲಾ ಯಂತ್ರದಲ್ಲಿ, ಮೊದಲ ಎಕೋ 0.9 ಮಿಲಿಸೆಕೆಂಡಿಗಿಟ್ಟು ತೆಗೆದಾಗ ಆರ್2 ಸ್ಟಾರ್ ಸೆಕೆಂಡಿಗೆ 362, ಅದರ ಪ್ರಕಾರ ಯಕೃತ್ತಿನ ಕಬ್ಬಿಣ ಗ್ರಾಂಗೆ 9.4 ಮಿ.ಗ್ರಾಂ. ಇದನ್ನು ಬಯಾಪ್ಸಿಯ ಅಂಕಿಯಿಂದ ಕಳೆದು ಔಷಧಿ ಇಷ್ಟು ಇಳಿಸಿತು ಎನ್ನಲಾಗದು, ಅಳೆದ ವಿಧಾನವೇ ಬೇರೆ. 9.4ನ್ನು ಹೊಸ ಆರಂಭದ ಅಂಕಿಯಾಗಿ ದಾಖಲಿಸಿದರು. 7ಕ್ಕಿಂತ ಮೇಲಿದ್ದುದರಿಂದ ಪ್ರಮಾಣವನ್ನು ಕೆ.ಜಿ.ಗೆ 20ಕ್ಕೆ ಏರಿಸಲಾಯಿತು. ಮುಂದಿನ ಅಳತೆಗಳೆಲ್ಲ ಅದೇ ಯಂತ್ರದಲ್ಲಿ, ಅದೇ ಎಕೋ ಸಮಯದಲ್ಲಿ. ಅಂಕಿ 3ಕ್ಕೆ ಇಳಿದಾಗ ಔಷಧಿ ನಿಲ್ಲಿಸುವುದೆಂದು ಕಡತದ ಮೊದಲ ಪುಟದಲ್ಲೇ, ಒಣ ತೂಕ ಎಂಬ ಎರಡು ಪದ ಸೇರಿಸಿ, ಬರೆದಿಟ್ಟಿದ್ದಾರೆ. ರೋಗಿಯ ತಮ್ಮನಿಗೂ ಇದೇ ಕಾಯಿಲೆ, ಫೆರಿಟಿನ್ 540. ಆತನಿಗೆ ಬಯಾಪ್ಸಿಯ ಅಗತ್ಯವಿಲ್ಲ, ನೇರವಾಗಿ ಇದೇ ಎಂಆರ್‌ಐಗೆ ದಿನ ಗೊತ್ತುಮಾಡಲಾಗಿದೆ.